ಡಾಟ್‌ಗಿಟ್ ಫೋಲ್ಡರ್ ಇಷ್ಟು ದಪ್ಪ ಯಾಕಾಯಿತು?

ಪ್ರಶ್ನೆ (ಚಿಕ್ಕಮಗಳೂರಿನಿಂದ):
ನಮಸ್ಕಾರ ಸರ್. ಕಾಫಿ ತೋಟದ ಲೆಕ್ಕ ಬರೆಯುವ ಒಂದು ಸಣ್ಣ ಆ್ಯಪ್ ಮಾಡುತ್ತಿದ್ದೇನೆ. ಹೋದ ವರ್ಷ ಎಲೆ ತುಕ್ಕು ರೋಗದ ಫೋಟೊಗಳನ್ನೂ ಗಿಟ್‌ಗೆ (ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಸಾಫ್ಟ್‌ವೇರ್) ಸೇರಿಸಿದ್ದೆ, ಆಮೇಲೆ ಅಳಿಸಿ ಕಮಿಟ್ ಮಾಡಿದೆ, ಅಂದರೆ ಆ ಬದಲಾವಣೆಯನ್ನು ದಾಖಲಿಸಿದೆ. ಈಗ ಕೋಡ್ ಬರೀ 12 ಎಂಬಿ, ಗಿಟ್ ತನ್ನ ಇತಿಹಾಸ ಇಡುವ ಡಾಟ್‌ಗಿಟ್ ಫೋಲ್ಡರ್ ಮಾತ್ರ 1.4 ಜಿಬಿ! ಯಾವುದು ಎಷ್ಟು ಜಾಗ ತಿಂದಿದೆ ಅಂತ ನೋಡಲು ಶೆಲ್ ಸ್ಕ್ರಿಪ್ಟ್ ಬರೆದೆ. ಲೂಪ್‌ನಲ್ಲಿ ಒಂದೊಂದೇ ಆಬ್ಜೆಕ್ಟ್‌ಗೆ (ಗಿಟ್ ಒಳಗೆ ಇಟ್ಟ ಫೈಲ್, ಕಮಿಟ್ ಇತ್ಯಾದಿ) ಅದರ ವಿವರ ಕೊಡುವ 'ಗಿಟ್ ಕ್ಯಾಟ್-ಫೈಲ್' ಕಮಾಂಡ್ ಓಡಿಸುತ್ತದೆ. ಊಟ ಮಾಡಿ ಬಂದರೂ ಮುಗಿದಿರುವುದಿಲ್ಲ. ಮುಗಿದಾಗ ಬರುವ ಮೊತ್ತ 1.4 ಜಿಬಿಗಿಂತ ಎಷ್ಟೋ ಜಾಸ್ತಿ. ಎಲ್ಲಿ ತಪ್ಪಿದೆ?

ಉತ್ತರ (ಹಾಸನ, ಸಿಸ್ಟಂ ಅಡ್ಮಿನ್):
ಮೇಡಂ, ಅಳಿಸಿದ ಫೋಟೊ ಹೊಸ ಕಮಿಟ್‌ನಲ್ಲಿ ಇಲ್ಲ, ಅಷ್ಟೇ. ಹಳೆಯ ಕಮಿಟ್‌ಗಳು ಅದನ್ನು ಇನ್ನೂ ಹಿಡಿದುಕೊಂಡಿವೆ.

ಸ್ಕ್ರಿಪ್ಟ್ ನಿಧಾನ ಆಗಿದ್ದು ಲೂಪ್‌ನಿಂದ. ಪ್ರತಿ ಆಬ್ಜೆಕ್ಟ್‌ಗೂ ಹೊಸ ಪ್ರೋಸೆಸ್ ಹುಟ್ಟಿ ಸಾಯುತ್ತಿದೆ. ಲೂಪ್ ಕಿತ್ತುಹಾಕಿ. 'ಗಿಟ್ ರೆವ್-ಲಿಸ್ಟ್ --ಆಬ್ಜೆಕ್ಟ್ಸ್ --ಆಲ್' ಕೊಡುವ ಪಟ್ಟಿಯನ್ನು ಪೈಪ್ ಮಾಡಿ 'ಗಿಟ್ ಕ್ಯಾಟ್-ಫೈಲ್ --ಬ್ಯಾಚ್-ಚೆಕ್'ಗೆ ಕೊಡಿ. ಒಂದೇ ಪ್ರೋಸೆಸ್ ಎಲ್ಲವನ್ನೂ ನೋಡುತ್ತದೆ. ಫಾರ್ಮ್ಯಾಟ್‌ನಲ್ಲಿ 'ರೆಸ್ಟ್' ಸೇರಿಸಿದರೆ ಫೈಲಿನ ಹೆಸರೂ ಬರುತ್ತದೆ. ಗಾತ್ರದ ಮೇಲೆ ಸಾರ್ಟ್ ಮಾಡಿ ಕೊನೆಯ 20 ಸಾಲು ನೋಡಿದರೆ ಸಾಕು.

ಮೊತ್ತ ತಾಳೆಯಾಗದಿರಲು ಕಾರಣ ಬೇರೆ. ನೀವು ಬಳಸಿದ್ದು 'ಆಬ್ಜೆಕ್ಟ್‌ಸೈಜ್' ಇರಬೇಕು, ಅದು ಗಿಟ್ ಒತ್ತಿ ಇಟ್ಟದ್ದನ್ನು ಬಿಚ್ಚಿಟ್ಟಾಗಿನ ಗಾತ್ರ. ಡಿಸ್ಕ್ ಮೇಲಿನ ಲೆಕ್ಕಕ್ಕೆ 'ಆಬ್ಜೆಕ್ಟ್‌ಸೈಜ್:ಡಿಸ್ಕ್' ಬೇಕು. ತೋಟದವರಿಗೆ ನಾನು ಹೇಳಬೇಕಾ, ಹಣ್ಣಿನ ತೂಕ ಬೇರೆ, ಕಣದಲ್ಲಿ ಒಣಗಿದ ಮೇಲಿನ ತೂಕ ಬೇರೆ ಅಲ್ವಾ! ಆದರೆ ಪ್ಯಾಕ್ (ಅನೇಕ ಆಬ್ಜೆಕ್ಟ್‌ಗಳನ್ನು ಒತ್ತಿ ಸೇರಿಸಿದ ಫೈಲ್) ಒಳಗೆ ಕೆಲವು ಆಬ್ಜೆಕ್ಟ್‌ಗಳು ಇನ್ನೊಂದರ ಜೊತೆಗಿನ ವ್ಯತ್ಯಾಸವಾಗಿ ಮಾತ್ರ ಇರುತ್ತವೆ. ಹಾಗಾಗಿ ಒಂದು ಫೈಲ್ ಚಿಕ್ಕದಾಗಿ ಕಂಡರೆ ಅದರ ಭಾರವನ್ನು ಬೇರೊಂದು ಹೊತ್ತಿರಬಹುದು. ಬರೀ ಒಟ್ಟು ಲೆಕ್ಕ ಸಾಕಾದರೆ ಸ್ಕ್ರಿಪ್ಟೇ ಬೇಡ, 'ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿಎಚ್' ಕೊಡಿ.

ಇನ್ನೊಬ್ಬರು (ಸಕಲೇಶಪುರ):
ಪ್ಯಾಕ್ ಆಗದ ಆಬ್ಜೆಕ್ಟ್ ಎಷ್ಟೇ ಪುಟ್ಟದಿದ್ದರೂ ಡಿಸ್ಕ್‌ನಲ್ಲಿ ಒಂದು ಬ್ಲಾಕ್ ಹಿಡಿಯುತ್ತದೆ, ಸಾಮಾನ್ಯವಾಗಿ 4 ಕೆಬಿ. 'ಡಿಯು' (ಡಿಸ್ಕ್‌ನಲ್ಲಿ ಹಿಡಿದ ಜಾಗ ತೋರಿಸುವ ಕಮಾಂಡ್) ಜಾಸ್ತಿ ತೋರಿಸಲು ಅದೂ ಕಾರಣ.

ಪ್ರಶ್ನೆ ಕೇಳಿದವರು:
ಸರ್, ಕೆಲವೇ ಸೆಕೆಂಡಿನಲ್ಲಿ ಮುಗಿಯಿತು! ಕೊನೆಯ ಸಾಲೆಲ್ಲ ಫೋಟೊಗಳೇ. ಮಧ್ಯದಲ್ಲಿ ಯಾವಾಗಲೋ ಸೇರಿಸಿದ ಡೇಟಾಬೇಸ್ ಬ್ಯಾಕಪ್ ಕೂಡ ಇದೆ, ಮರೆತೇಬಿಟ್ಟಿದ್ದೆ. ಈಗ ಬೇಡದ ಆಬ್ಜೆಕ್ಟ್ ತೆಗೆಯುವ 'ಗಿಟ್ ಜಿಸಿ' ಓಡಿಸಿದರೆ ಹೋಗುತ್ತಾ?

ಉತ್ತರ:
ಹೋಗುವುದಿಲ್ಲ. ಯಾರೂ ಹಿಡಿದುಕೊಂಡಿಲ್ಲದ್ದನ್ನು ಮಾತ್ರ ಜಿಸಿ ಗುಡಿಸುತ್ತದೆ. ಇತಿಹಾಸವನ್ನೇ ತಿದ್ದಬೇಕು, ಅದಕ್ಕೆ 'ಗಿಟ್ ಫಿಲ್ಟರ್-ರೆಪೊ' ಇದೆ. ಮೊದಲು ಬ್ಯಾಕಪ್ ಇಟ್ಟುಕೊಳ್ಳಿ. ಫೋಟೊ ಸೇರಿದ ಕಮಿಟ್‌ನಿಂದ ಮುಂದಿನ ಎಲ್ಲ ಕಮಿಟ್ ಐಡಿಗಳೂ ಬದಲಾಗುತ್ತವೆ. ಜೊತೆಯವರು ಹೊಸದಾಗಿ ಕ್ಲೋನ್ ಮಾಡಬೇಕು, ಅಂದರೆ ಪೂರ್ತಿ ನಕಲು ತೆಗೆದುಕೊಳ್ಳಬೇಕು. ಒಬ್ಬರು ಹಳೆಯ ನಕಲಿನಿಂದ ಪುಶ್ ಮಾಡಿದರೂ (ಸರ್ವರ್‌ಗೆ ಕಳಿಸಿದರೂ) ಆ ಫೋಟೊಗಳು ವಾಪಸ್ ಬಂದು ಕೂರುತ್ತವೆ. ಇನ್ನೊಂದು, ಹೊಸ ಕ್ಲೋನ್ ಅಲ್ಲದಿದ್ದರೆ ಫಿಲ್ಟರ್-ರೆಪೊ ಓಡಲು ಒಪ್ಪುವುದಿಲ್ಲ. ಆಗ ಸಿಟ್ಟು ಬಂದು --ಫೋರ್ಸ್ ಹಾಕಬೇಡಿ, ಸುಮ್ನೆ ಇನ್ನೊಂದು ಕ್ಲೋನ್ ತೆಗೆದುಕೊಳ್ಳಿ.