ಮುಳುಗುವ ಅರ್ಥದ ಸ್ಪ್ಯಾನಿಷ್ ಕ್ರಿಯಾಪದಗಳು: ಇಂಗ್ಲಿಷ್‌ನಲ್ಲಿ ಯಾವುದಕ್ಕೆ ಯಾವುದು?

ಪ್ರಶ್ನೆ:
ಸ್ಪ್ಯಾನಿಷ್ ಗದ್ಯವನ್ನು ಇಂಗ್ಲಿಷ್‌ಗೆ ಅನುವಾದಿಸುವ ಅಭ್ಯಾಸದಲ್ಲಿದ್ದೇನೆ. ‘ಸುಮೆರ್ಹಿರ್’, ‘ಉಂದಿರ್’, ‘ಸಾಂಬುಯಿರ್ಸೆ’, ‘ಸುಮಿರ್’ ಎಂಬ ನಾಲ್ಕಕ್ಕೂ ನಿಘಂಟು ‘ಸಬ್‌ಮರ್ಜ್’, ‘ಸಿಂಕ್’, ‘ಪ್ಲಂಜ್’ ಎಂಬ ಪದಗಳನ್ನೇ ಹಿಂದುಮುಂದಾಗಿ ಕೊಡುತ್ತದೆ. ‘ಉಂದಿಯೋ ಲಾ ಮಾನೊ ಎನ್ ಎಲ್ ಆಗ್ವಾ’ ಎಂಬ ವಾಕ್ಯದಲ್ಲಿ ಒಬ್ಬನು ನೀರಿಗೆ ಕೈಯಿಳಿಸುತ್ತಾನೆ. ಅಲ್ಲಿ ‘ಸಿಂಕ್’ ಬಳಸಿದರೆ ಕೈ ಕಳಚಿ ತಳ ಸೇರಿದಂತೆ ಕೇಳಿಸುತ್ತದೆ. ಇವುಗಳ ನಡುವಿನ ವ್ಯತ್ಯಾಸವನ್ನು ಯಾರಾದರೂ ವಿವರಿಸುವಿರಾ?

ಉತ್ತರ 1:
ಮುಳುಗಿದ್ದು ಮತ್ತೆ ಮೇಲೆ ಬರುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ. ಜಲಾಂತರ್ಗಾಮಿಯೊಂದು ‘ಸೆ ಸುಮೆರ್ಹಿಯೋ’ ಎಂದರೆ ಅದು ತನ್ನ ಕೆಲಸಕ್ಕೆ ನೀರಿನಡಿ ಇಳಿದಿದೆ, ಇಂಗ್ಲಿಷ್‌ನಲ್ಲಿ ‘ಡೈವ್’ ಅಥವಾ ‘ಸಬ್‌ಮರ್ಜ್’. ‘ಸೆ ಉಂದಿಯೋ’ ಎಂದರೆ ದುರಂತ, ಅಲ್ಲಿ ‘ಸಿಂಕ್’ ಮಾತ್ರ ಸರಿ. ಶತ್ರುವಿನ ಹಡಗುಗಳನ್ನು ಊಹಿಸಿ ಹೊಡೆಯುವ ಕಾಗದದ ಆಟಕ್ಕೆ ಸ್ಪೇನ್‌ನಲ್ಲಿ ‘ಉಂದಿರ್ ಲಾ ಫ್ಲೋತಾ’ ಎಂಬ ಹೆಸರಿರುವುದೂ ಇದೇ ಅರ್ಥದಿಂದ.

ಆದರೆ ‘ಉಂದಿರ್’ಗೆ ನೀರೇ ಬೇಕೆಂದಿಲ್ಲ. ಒತ್ತಡದಿಂದ ಆಳಕ್ಕೆ ಹೋಗುವುದೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತದೆ. ಚಾಕುವನ್ನು ಒಳಕ್ಕೆ ಇರಿದಾಗ ‘ಪ್ಲಂಜ್’, ಛಾವಣಿ ಕುಸಿದಾಗ ‘ಕೊಲ್ಯಾಪ್ಸ್’ ಅಥವಾ ‘ಕೇವ್ ಇನ್’. ನಿಮ್ಮ ವಾಕ್ಯದಲ್ಲಿಯೂ ಕೈ ರಭಸದಿಂದ ಆಳಕ್ಕಿಳಿದಿದೆ, ಆದ್ದರಿಂದ ‘ಪ್ಲಂಜ್‌ಡ್’ ಎನ್ನಿ. ಲೇಖಕರು ‘ಸುಮೆರ್ಹಿಯೋ’ ಎಂದು ಬರೆದಿದ್ದರೆ ಆ ರಭಸ ಇರುತ್ತಿರಲಿಲ್ಲ. ಆಗ ‘ಡಿಪ್’ ಅಥವಾ ‘ಇಮ್ಮರ್ಸ್’ ಸಾಕಾಗುತ್ತಿತ್ತು.

ಉತ್ತರ 2:
‘ಸೆ’ಯನ್ನು ಕಡೆಗಣಿಸಬೇಡಿ. ‘ಉಂದಿರ್’ ಎಂದರೆ ಮುಳುಗಿಸು, ‘ಉಂದಿರ್ಸೆ’ ಎಂದರೆ ಮುಳುಗು. ಕನ್ನಡಿಗರಿಗೆ ಈ ಭೇದ ಸಹಜವಾಗಿಯೇ ತಿಳಿಯುತ್ತದೆ, ಆದರೆ ಇಂಗ್ಲಿಷ್‌ನ ‘ಸಿಂಕ್’ ಎರಡಕ್ಕೂ ಒಂದೇ ರೂಪದಲ್ಲಿ ನಿಲ್ಲುವುದರಿಂದ, ಹಡಗನ್ನು ಯಾರೋ ಮುಳುಗಿಸಿದರೋ ಅದು ತಾನಾಗಿ ಮುಳುಗಿತೋ ಎಂಬುದನ್ನು ವಾಕ್ಯದ ಉಳಿದ ಭಾಗದಿಂದಲೇ ಸ್ಪಷ್ಟಪಡಿಸಬೇಕಾಗುತ್ತದೆ.

ಉತ್ತರ 3:
‘ಸಾಂಬುಯಿರ್ಸೆ’ ಎಂಬುದು ಒಮ್ಮೆಲೇ ನೀರಿಗೆ ಧುಮುಕುವುದು. ‘ಡೈವ್ ಇನ್’ ಅಥವಾ ‘ಪ್ಲಂಜ್ ಇನ್’ ಎರಡೂ ಸಲ್ಲುತ್ತವೆ. ತೊಂದರೆ ಇರುವುದು ಇಂಗ್ಲಿಷ್‌ನ ‘ಡೈವ್’ನಲ್ಲಿ. ದಡದಿಂದ ಜಿಗಿಯುವುದೂ, ಉಸಿರಾಟದ ಸಾಧನ ತೊಟ್ಟು ನೀರಿನಡಿ ಈಜುತ್ತಿರುವುದೂ ಅದರಲ್ಲೇ ಅಡಗಿವೆ, ಸ್ಪ್ಯಾನಿಷ್ ಮಾತ್ರ ಎರಡನೆಯದಕ್ಕೆ ‘ಬುಸೆಯಾರ್’ ಎಂಬ ಬೇರೆ ಪದವನ್ನೇ ಇಟ್ಟುಕೊಂಡಿದೆ. ಹೀಗಾಗಿ ‘ಬುಸೆಯಾರ್’ ಬಂದಲ್ಲಿ ಗೊಂದಲವಾಗುವಂತಿದ್ದರೆ ‘ಸ್ಕೂಬಾ’ ಎಂದೋ ‘ಅಂಡರ್‌ವಾಟರ್’ ಎಂದೋ ಸೇರಿಸುವುದು ಒಳ್ಳೆಯದು. ಮೆಕ್ಸಿಕೊದ ಪಠ್ಯವಾದರೆ ಜಿಗಿತಕ್ಕೆ ‘ಕ್ಲವಾದೊ’ ಎಂಬ ಪದವೂ ಎದುರಾಗುತ್ತದೆ. ಅಕಾಪುಲ್ಕೊದ ಲಾ ಕೆಬ್ರಾದಾ ಬಂಡೆಯಿಂದ ಸಮುದ್ರಕ್ಕೆ ಹಾರುವವರನ್ನು ‘ಕ್ಲವಾದಿಸ್ತಾ’ಗಳೆಂದೇ ಕರೆಯುತ್ತಾರೆ.

ಉತ್ತರ 4:
‘ಸುಮಿರ್’ ಬಗ್ಗೆ ಯಾರೂ ಹೇಳಿಲ್ಲ. ಇಂದಿನ ಗದ್ಯದಲ್ಲಿ ಅದು ನೀರಿನೊಡನೆ ಅಪರೂಪ. ದೇಶವನ್ನು ಅರಾಜಕತೆಗೆ, ಮನೆತನವನ್ನು ಬಡತನಕ್ಕೆ ತಳ್ಳುವ ಪದವದು, ಅಲ್ಲಿ ‘ಪ್ಲಂಜ್’ ಚೆನ್ನಾಗಿ ಒಪ್ಪುತ್ತದೆ. ಆದರೆ ಯೋಚನೆಯಲ್ಲಿ ‘ಸುಮಿದೊ’ ಆದವನು ಇಂಗ್ಲಿಷ್‌ನಲ್ಲಿ ‘ಲಾಸ್ಟ್ ಇನ್ ಥಾಟ್’ ಆಗುತ್ತಾನೆ. ಹಾಗೆಯೇ, ತೆರಿಗೆಯ ಕಣ್ಣಿಗೆ ಬೀಳದ ವ್ಯವಹಾರವನ್ನು ಸ್ಪೇನ್‌ನವರು ‘ಎಕೊನೊಮಿಯಾ ಸುಮೆರ್ಹಿದಾ’ ಎನ್ನುತ್ತಾರೆ. ಅದನ್ನು ‘ಸಬ್‌ಮರ್ಜ್‌ಡ್ ಎಕಾನಮಿ’ ಎಂದು ಬರೆದರೆ ಇಂಗ್ಲಿಷ್ ಓದುಗರು ತಬ್ಬಿಬ್ಬಾಗುತ್ತಾರೆ. ‘ಶ್ಯಾಡೋ ಎಕಾನಮಿ’ ಎನ್ನಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ‘ಲಾ ಕಾಸಾ ಎಸ್ತಾಬಾ ಸುಮಿದಾ ಎನ್ ಎಲ್ ಸಿಲೆನ್ಸಿಯೊ’ ಎಂಬಲ್ಲಿ ಮನೆಯ ಮೌನಕ್ಕೂ ‘ಪ್ಲಂಜ್‌ಡ್’ ಎನ್ನಬಹುದೇ?

ಉತ್ತರ 4ರವರು:
ಬೇಡ. ‘ಪ್ಲಂಜ್‌ಡ್’ ಎಂದರೆ ಮೌನವು ಆ ಕ್ಷಣದಲ್ಲಿ ಥಟ್ಟನೆ ಆವರಿಸಿತು ಎಂದಾಗುತ್ತದೆ, ಆದರೆ ‘ಎಸ್ತಾಬಾ’ ಮೊದಲಿನಿಂದಲೇ ಇದ್ದ ಸ್ಥಿತಿಯನ್ನು ಹೇಳುತ್ತಿದೆ. ‘ದ ಹೌಸ್ ಲೇ ಇನ್ ಸೈಲೆನ್ಸ್’ ಎಂದು ಬರೆಯಿರಿ. ಅದರ ಬದಲು ‘ಕೆದೋ’ ಎಂದಿದ್ದರೆ ಬದಲಾವಣೆಯ ಅರ್ಥ ಬರುತ್ತಿತ್ತು, ಆಗ ‘ಪ್ಲಂಜ್‌ಡ್’ಗೂ ಅವಕಾಶವಿರುತ್ತಿತ್ತು.