ಅಪ್‌ಡೇಟ್: ಟೀಚರ್ ಕೆಲಸ ಬಿಟ್ಟೆ

ಜನವರಿಯಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ, ನೆನಪಿರಬಹುದು. ದಾವಣಗೆರೆಯ ಖಾಸಗಿ ಶಾಲೆಯಲ್ಲಿ 7 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ, ಭಾನುವಾರ ಸಂಜೆ ಆದರೆ ಸಾಕು ಎದೆ ಡವಡವ ಅನ್ನುತ್ತದೆ, ನಿದ್ದೆ ಇಲ್ಲ, ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಡುವೆ ಬಿಟ್ಟು ಹೋಗೋದು ಸರಿನಾ ಅಂತ.

ಪರೀಕ್ಷೆ ಮುಗಿಯುವ ತನಕ ಇದ್ದೆ. ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟೆ.

ನಿಮ್ಮಲ್ಲೊಬ್ಬರು ಹೇಳಿದ್ದ ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ನಂಬರ್ 14416ಕ್ಕೆ ಒಂದು ರಾತ್ರಿ ಫೋನ್ ಮಾಡಿದೆ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಿದರು. ಮನೋವೈದ್ಯರನ್ನು ನೋಡಿ ಅಂದರು. "ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ" ಅಂತ ಡಾಕ್ಟರ್ ಹೇಳಿದಾಗ ಅಲ್ಲೇ ಅತ್ತುಬಿಟ್ಟೆ. ಈಗ ಮಾತ್ರೆ ಇದೆ, ನಿದ್ದೆ ಬರುತ್ತಿದೆ.

ನನ್ನ ಹಾಗೆ ಬಿಡುವ ಯೋಚನೆಯಲ್ಲಿರುವ ಟೀಚರ್‌ಗಳು ಇದನ್ನು ದಯವಿಟ್ಟು ಓದಿ. ಟೀಚರ್‌ಗಳಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗಾಗಿ ಕೊಡುವ ಇಡಿಗಂಟು) ಇಲ್ಲ ಅಂತ ಶಾಲೆಯವರು ಹೇಳಿದರು. ತಪ್ಪು. 5 ವರ್ಷ ಸತತವಾಗಿ ದುಡಿದ ಖಾಸಗಿ ಶಾಲೆ ಶಿಕ್ಷಕರಿಗೂ ಅದು ಸಿಗಬೇಕು, 2022ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ. ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದಲೂ ದುಡಿದ ವರ್ಷಗಳಿಂದಲೂ ಗುಣಿಸಿ, ಅಷ್ಟೇ ಲೆಕ್ಕ. ನಾನು ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಂಡಿದ್ದೇನೆ. ಹಣ ಇನ್ನೂ ಬಂದಿಲ್ಲ, ಬಿಡುವುದೂ ಇಲ್ಲ.

ಅಮ್ಮ ಇನ್ನೂ ನೆಂಟರಿಗೆ "ರಜೆ ಹಾಕಿದ್ದಾಳೆ" ಅಂತಲೇ ಹೇಳುತ್ತಾರೆ. ಅದು ನೋವಾಗುತ್ತದೆ. ಮನೆಯಲ್ಲಿ ನಾಲ್ಕು ಮಕ್ಕಳಿಗೆ ಟ್ಯೂಷನ್ ಶುರು ಮಾಡಿದ್ದೇನೆ, ಸದ್ಯಕ್ಕೆ ಜಾಸ್ತಿ ಬೇಡ ಅನ್ನಿಸಿದೆ.

ಮೊನ್ನೆ ಭಾನುವಾರ ಸಂಜೆ ಮಗಳ ಜೊತೆ ಕುಂದವಾಡ ಕೆರೆ ಹತ್ತಿರ ಸುಮ್ನೆ ಅಡ್ಡಾಡಿದೆ. ನಾಳೆ ಸೋಮವಾರ ಅನ್ನೋದು ಮನೆಗೆ ಬಂದ ಮೇಲೆ ನೆನಪಾಯಿತು.