ಜಯದೇವ ಆಸ್ಪತ್ರೆ + ಏರ್‌ಪೋರ್ಟ್: ಮೆಜೆಸ್ಟಿಕ್, ಯಶವಂತಪುರ, ಜಯನಗರ, ಎಲ್ಲಿ ಉಳಿಯೋದು?

ದಾವಣಗೆರೆ_ರವಿ
ಮೂರು ರಾತ್ರಿ ಉಳಿಯಬೇಕು. ನಾನು, ಅಪ್ಪ (74), ಅಮ್ಮ (69). ಸ್ಲೀಪರ್ ಬಸ್ ಭಾನುವಾರ ಬೆಳಗ್ಗೆ ಐದೂವರೆ ಹೊತ್ತಿಗೆ ಬೆಂಗಳೂರು ತಲುಪುತ್ತೆ. ಸೋಮವಾರ, ಮಂಗಳವಾರ ಜಯದೇವದಲ್ಲಿ ಅಪ್ಪನ ತಪಾಸಣೆ. ಬುಧವಾರ ಬೆಳಗ್ಗೆ 7ಕ್ಕೆ ಮೂವರಿಗೂ ದೆಹಲಿ ವಿಮಾನ. ಅಪ್ಪನಿಗೆ ಮೆಟ್ಟಿಲು ಹತ್ತೋದು ಕಷ್ಟ. ಎಲ್ಲರೂ ಮೆಜೆಸ್ಟಿಕ್ ಅಂತಾರೆ, ಎಲ್ಲ ಕಡೆಗೂ ಅಲ್ಲಿಂದಲೇ ಬಸ್ಸು, ಮೆಟ್ರೋ ಅಂತ. ಸರಿನಾ?

ಹಸಿರುಮಾರ್ಗ
ನಿಮ್ಮ ಕೆಲಸಕ್ಕೆ ಮೆಜೆಸ್ಟಿಕ್ ಬೇಕಾಗಿಯೇ ಇಲ್ಲ. ಅದು ಗಾಡಿ ಬದಲಾಯಿಸೋ ಜಾಗ. ಮೆಟ್ರೋದ ನೇರಳೆ ಮಾರ್ಗಕ್ಕೂ ಹಸಿರು ಮಾರ್ಗಕ್ಕೂ ಓಡಾಡುವವರಿಗೆ ಅದರಿಂದ ಲಾಭ. ಆಸ್ಪತ್ರೆಗೆ ನೀವು ಹೋಗಬೇಕಾದ್ದು ದಕ್ಷಿಣಕ್ಕೆ ಮಾತ್ರ.

ದಾವಣಗೆರೆ ಬಸ್ಸು ತುಮಕೂರು ರಸ್ತೆಯಲ್ಲೇ ಬರುತ್ತೆ. ಹಸಿರು ಮಾರ್ಗವೂ ಅದೇ ರಸ್ತೆ ಮೇಲೆ: ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ. ಅಲ್ಲಿ ಹತ್ತಿದರೆ ಮೆಜೆಸ್ಟಿಕ್‌ನಲ್ಲಿ ಇಳಿಯದೆ ನೇರ ಆರ್.ವಿ. ರಸ್ತೆ. ಅಲ್ಲಿ ಹಳದಿ ಮಾರ್ಗ ಹಿಡಿದರೆ ರಾಗಿಗುಡ್ಡ, ಆಮೇಲೆ ಜಯದೇವ ಆಸ್ಪತ್ರೆ. 2025ರ ಆಗಸ್ಟ್‌ಗೆ ಮುಂಚೆ ಈ ಮಾರ್ಗ ಇರಲಿಲ್ಲ, ಹಳೆಯ ಸಲಹೆಗಳನ್ನು ನಂಬಬೇಡಿ. ಆದರೆ ಹಳದಿಯಲ್ಲಿ ಹಸಿರಿನಷ್ಟು ಬೇಗಬೇಗ ರೈಲು ಸಿಗಲ್ಲ. ತಪಾಸಣೆಗೆ ಹೊರಟಾಗ ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.

ರೂಮು ಜಯನಗರ 9ನೇ ಬ್ಲಾಕ್ ಅಥವಾ ತಿಲಕ್ ನಗರ ಕಡೆ ನೋಡಿ, ಆಸ್ಪತ್ರೆಗೆ ಆಟೋದಲ್ಲಿ ಐದು ಹತ್ತು ನಿಮಿಷ. ಒಂದು ಎಚ್ಚರ: ಆ್ಯಪ್‌ನಲ್ಲಿ 'ಜಯನಗರ, ಮೆಟ್ರೋ ಹತ್ತಿರ' ಅಂತಿದ್ದ ಮಾತ್ರಕ್ಕೆ ಬುಕ್ ಮಾಡಬೇಡಿ. ಜಯನಗರ ಮೆಟ್ರೋ ನಿಲ್ದಾಣ ಬಡಾವಣೆಯ ಪಶ್ಚಿಮ ಅಂಚಿನಲ್ಲಿದೆ, ಜಯದೇವ ಪೂರ್ವ ಅಂಚಿನಲ್ಲಿ. ಬ್ಲಾಕ್ ನಂಬರ್ ಕೇಳಿ, ಮ್ಯಾಪ್‌ನಲ್ಲಿ ಆಸ್ಪತ್ರೆಯಿಂದ ದೂರ ಅಳೆದು ಆಮೇಲೆ ದುಡ್ಡು ಕಟ್ಟಿ.

ಗಾಂಧಿನಗರದವನು
ಮೆಜೆಸ್ಟಿಕ್ಕನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. ಬಸ್ಸು ಬರೋದು ಐದೂವರೆಗೆ. ಆನ್‌ಲೈನ್ ಹೋಟೆಲುಗಳಲ್ಲಿ ಚೆಕ್-ಇನ್ ಮಧ್ಯಾಹ್ನ 12ಕ್ಕೆ. ಬೆಳಗ್ಗೆ 6ಕ್ಕೆ ರೂಮು ಬೇಕೆಂದರೆ ಅರ್ಧ ದಿನದ್ದೋ ಒಂದು ದಿನದ್ದೋ ಬಾಡಿಗೆ ಹೆಚ್ಚಿಗೆ ಕೇಳ್ತಾರೆ. ಮೆಜೆಸ್ಟಿಕ್ ಪಕ್ಕದ ಗಾಂಧಿನಗರ, ಸುಬೇದಾರ್ ಛತ್ರಂ ರಸ್ತೆಯ ಹಳೆಯ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇನ್ನೂ ಉಂಟು: ಬೆಳಗ್ಗೆ 6ಕ್ಕೆ ಹೋದರೆ ಮಾರನೇ ದಿನ 6ರ ತನಕ. ಫೋನ್ ಮಾಡಿ 'ಚೆಕ್-ಔಟ್ 24 ಗಂಟೆನಾ, 12 ಗಂಟೆನಾ' ಅಂತ ಬಾಯಿಬಿಟ್ಟು ಕೇಳಿ. ಲಿಫ್ಟ್ ಇದೆಯಾ ಅಂತಲೂ ಕೇಳಿ, ಹಳೆಯ ಕಟ್ಟಡಗಳಲ್ಲಿ ಕೆಳಗಿನ ರೂಮು ಖಾಲಿ ಇಲ್ಲ ಅಂತ ಮೂರನೇ ಮಹಡಿ ಕೊಡ್ತಾರೆ. ಬಸ್ಸಿಳಿದ ಕೂಡಲೇ 'ರೂಮ್ ಬೇಕಾ ಸರ್' ಅಂತ ಹಿಂದೆ ಬೀಳುವವರ ಜತೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತೆ.

ಹಸಿರುಮಾರ್ಗ
24 ಗಂಟೆ ಲೆಕ್ಕದ ಮಾತು ಒಪ್ಪಿದೆ. ಆದರೆ 74ರವರನ್ನು ಕರಕೊಂಡು ಎರಡು ದಿನ ಮೆಜೆಸ್ಟಿಕ್‌ನ ಸಬ್‌ವೇ ಮೆಟ್ಟಿಲು, ಜನಜಂಗುಳಿ ದಾಟೋದಕ್ಕಿಂತ ಭಾನುವಾರದ ಅರ್ಧ ದಿನದ ಬಾಡಿಗೆ ಜಯನಗರದಲ್ಲೇ ಕೊಡೋದು ವಾಸಿ. ಬುಕ್ ಮಾಡುವಾಗಲೇ ಬೇಗ ಬರ್ತೀವಿ ಅಂತ ತಿಳಿಸಿ ಚೌಕಾಸಿ ಮಾಡಿ.

ಮೀಟರ್_ಹಾಕಿ
ಎಲ್ಲರೂ ಮರೆತದ್ದು: ಭಾನುವಾರ ಮೆಟ್ರೋ ಶುರುವಾಗೋದೇ 7ಕ್ಕೆ! ಐದೂವರೆಗೆ ಗೊರಗುಂಟೆಪಾಳ್ಯದಲ್ಲಿ ಇಳಿದರೆ ಒಂದೂವರೆ ಗಂಟೆ ರಸ್ತೆ ಬದಿ ಕೂರಬೇಕಾಗುತ್ತೆ. ಯಶವಂತಪುರದಲ್ಲಿ ಇಳಿದು ಆಟೋ ಹಿಡೀರಿ, ಆ ಹೊತ್ತಿಗೆ ರಸ್ತೆ ಖಾಲಿ. ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂ., ಆಮೇಲೆ ಕಿ.ಮೀ.ಗೆ 18. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಮಾತ್ರ ಒಂದೂವರೆ ಪಟ್ಟು. ಐದೂವರೆಗೆ 'ಒನ್ ಅಂಡ್ ಹಾಫ್' ಕೇಳಿದರೆ ಕೊಡಬೇಕಿಲ್ಲ. ಮೂವರು ಮತ್ತು ದೊಡ್ಡ ಬ್ಯಾಗುಗಳಿದ್ದರೆ ಕ್ಯಾಬ್ ಒಳ್ಳೇದು.

ದೊಡ್ಡ ಸೂಟ್‌ಕೇಸ್ ಜತೆ ಮೆಟ್ರೋ ಯೋಚನೆಯೂ ಬೇಡ. ಒಬ್ಬರಿಗೆ 60×45×25 ಸೆಂ.ಮೀ., 15 ಕೆ.ಜಿ. ಮಿತಿ. ಗೇಟಿನಲ್ಲಿ ತಡೆದರೆ ವಾದ ಮಾಡಿ ಪ್ರಯೋಜನ ಇಲ್ಲ.

ದಾವಣಗೆರೆ_ರವಿ
ಜಯನಗರ 9ನೇ ಬ್ಲಾಕ್ ಕಡೆಗೇ ಮನಸ್ಸು ವಾಲಿದೆ. ಬುಧವಾರದ ವಿಮಾನಕ್ಕೆ? ಅಲ್ಲಿಂದ ತುಂಬ ದೂರ ಅಲ್ವಾ?

ವಾಯುವಜ್ರ
ಸುಮಾರು 40 ಕಿ.ಮೀ. 7ರ ವಿಮಾನಕ್ಕೆ 5ಕ್ಕೆ ಅಲ್ಲಿರಬೇಕು, ಅಂದರೆ ಮೂರೂವರೆಗೆ ಹೊರಡಬೇಕು. ಆ ಹೊತ್ತಿಗೆ ಮೆಟ್ರೋ ಇರಲ್ಲ. ಬನಶಂಕರಿಯಿಂದ ಕೆಐಎ-5, ಮೆಜೆಸ್ಟಿಕ್‌ನಿಂದ ಕೆಐಎ-9 ವಾಯುವಜ್ರ ಬಸ್ಸುಗಳಿವೆ. ಹಗಲಾಗಿದ್ದರೆ ಅದನ್ನೇ ಹೇಳ್ತಿದ್ದೆ. ಅಮ್ಮನಿಗೆ ಶಕ್ತಿ ಯೋಜನೆ ಟಿಕೆಟ್ ಇದರಲ್ಲಿ ನಡೆಯಲ್ಲ, ಅದು ಸಾಮಾನ್ಯ ಬಸ್ಸಿಗೆ ಮಾತ್ರ. ಮುಂಜಾವಿಗೆ ಮೂವರು ಟಿಕೆಟ್ ಕೊಟ್ಟು, ಬಸ್ ನಿಲ್ದಾಣಕ್ಕೆ ಆಟೋ ಹಿಡಿದು ಹೋಗೋದರ ಬದಲು ಬಾಗಿಲಿಗೆ ಬರೋ ಕ್ಯಾಬ್ ಸಾಕು. ರಾತ್ರಿಯೇ ಬುಕ್ ಮಾಡಿ, ಸಾದಹಳ್ಳಿ ಟೋಲ್ ಸೇರಿದ ದರವಾ ಕೇಳಿ. ಚಾಲಕ ರದ್ದು ಮಾಡಿದರೆ ಮತ್ತೊಂದು ಹುಡುಕಲು ಅರ್ಧ ಗಂಟೆ ಬಿಟ್ಟುಕೊಳ್ಳಿ.

ಮಂಗಳವಾರ ಮಧ್ಯಾಹ್ನಕ್ಕೇ ಆಸ್ಪತ್ರೆ ಕೆಲಸ ಮುಗಿದರೆ ಆ ರಾತ್ರಿ ಮಾತ್ರ ಹೆಬ್ಬಾಳ ಕಡೆ ರೂಮು ಮಾಡಬಹುದು, ಒಂದು ಗಂಟೆ ಹೆಚ್ಚು ನಿದ್ದೆ. ಆದರೆ ಸಂಜೆ ಐದರ ಮೇಲೆ ಹೆಬ್ಬಾಳಕ್ಕೆ ಹೊರಟರೆ ಆ ಉಳಿದ ಗಂಟೆಯನ್ನು ಫ್ಲೈಓವರ್ ಕೆಳಗೇ ಕಳೀತೀರಿ. ಟಿಕೆಟ್ಟಿನಲ್ಲಿ ಟರ್ಮಿನಲ್ 1ಓ 2ಓ ನೋಡಿ ಕ್ಯಾಬಿನವರಿಗೆ ಮೊದಲೇ ಹೇಳಿ. ಅಪ್ಪನಿಗೆ ವೀಲ್‌ಚೇರ್ ಬೇಕೆಂದು ಏರ್‌ಲೈನ್‌ಗೆ ಎರಡು ದಿನ ಮುಂಚೆಯೇ ತಿಳಿಸಿಡಿ.